ಮಸ್ಕಿ ಹರಿದ ರಬ್ಬರ್ ಮೀನಿಗೆ ಬೆಸುಗೆ ಹಾಕುವ ಬಗೆ

ಊರಿಗೆ ಫೋನ್ ಮಾಡಿ "ಈ ವಾರ ಮಸ್ಕಿಗೆ ಹೋಗಿದ್ದೆ" ಅಂದರೆ ನಮ್ಮ ಸೋದರಮಾವ "ಇಂಡಿಯಾಗೆ ಯಾವಾಗ ಬಂದೆಯೋ?" ಅಂತ ಕೇಳುತ್ತಾರೆ. ಅವರಿಗೆ ಮಸ್ಕಿ ಅಂದರೆ ರಾಯಚೂರು ಜಿಲ್ಲೆಯ ಮಸ್ಕಿ, 1915ರಲ್ಲಿ ಅಶೋಕನ ಹೆಸರಿರುವ ಶಾಸನ ಸಿಕ್ಕ ಊರು. ನಾನು ಹೋಗಿದ್ದು ಬೇರೆ ಮಸ್ಕಿಗೆ. ಅಮೆರಿಕದ ಮಿನೆಸೋಟಾ, ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೊ ಕಡೆಯ ಕೆರೆಗಳಲ್ಲಿ ಮಸ್ಕಲಂಜ್ ಅಂತ ಒಂದು ಮೀನಿದೆ, ಎಲ್ಲರೂ ಕರೆಯುವುದು ಮಸ್ಕಿ ಅಂತ. ಬಾತುಕೋಳಿ ಕೊಕ್ಕಿನ ಹಾಗೆ ಚಪ್ಪಟೆ ಮೂತಿ, ಬಾಯಿ ತುಂಬ ಸೂಜಿ ಹಲ್ಲು. ಮಿನೆಸೋಟಾದ ಹೆಚ್ಚಿನ ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕದಾದರೆ ಇಟ್ಟುಕೊಳ್ಳುವ ಹಾಗೇ ಇಲ್ಲ, ಅಂದರೆ ನಾಲ್ಕೂವರೆ ಅಡಿ. ಅಷ್ಟು ದೊಡ್ಡದು ಸಿಕ್ಕಿದರೂ ಹಿಡಿಯುವವರಲ್ಲಿ ಬಹುಪಾಲು ಜನ ಫೋಟೋ ತೆಗೆದು ವಾಪಸ್ ಬಿಡುತ್ತಾರೆ. ಇದನ್ನು ಮಾವನಿಗೆ ಹೇಳಿದ ದಿನ ಅವರು ಎರಡು ನಿಮಿಷ ಮಾತೇ ಆಡಲಿಲ್ಲ.

ಹತ್ತು ಸಾವಿರ ಸಲ ಎಸೆದರೆ ಒಂದು ಸಿಗುವ ಮೀನು ಅಂತ ಇಲ್ಲಿ ಮಾತಿದೆ. ಇರಲಿ, ನಾನು ಬರೆಯಲು ಕೂತಿದ್ದು ಮೀನಿನ ಬಗ್ಗೆ ಅಲ್ಲ, ಅದಕ್ಕೆ ಎಸೆಯುವ ಮೆತ್ತನೆ ಪ್ಲಾಸ್ಟಿಕ್ ಲೂರ್‌ಗಳ ಬಗ್ಗೆ, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಮೀನುಗಳ ಬಗ್ಗೆ. ಬುಲ್ ಡಾಗ್, ಮೆಡೂಸಾ ಥರದವು. ಒಂಬತ್ತು ಇಂಚಿನಿಂದ ಹಿಡಿದು ಒಂದಡಿ ದಾಟುವವರೆಗೂ ಉದ್ದ ಇರುತ್ತವೆ. ಒಳಗೆ ಗಟ್ಟಿ ತಂತಿ, ಹೊಟ್ಟೆ ಕೆಳಗೆ ಮೂರು ಮುಳ್ಳಿನ ದೊಡ್ಡ ಗಾಳ, ಹಿಂದೆ ರಿಬ್ಬನ್ನಿನ ಹಾಗೆ ಅಲ್ಲಾಡುವ ಬಾಲ. ಒಳ್ಳೆಯದು ಒಂದಕ್ಕೆ 20ರಿಂದ 40 ಡಾಲರ್ ಆಗುತ್ತದೆ. ಕಷ್ಟ ಏನೆಂದರೆ ಮಸ್ಕಿ ಬರುವ ಮೊದಲು ಅದರ ದಾಯಾದಿ ಪೈಕ್ ಬರುತ್ತದೆ. ಅದರದ್ದೂ ಅದೇ ಹಲ್ಲು. ಒಂದು ಸಂಜೆಯಲ್ಲಿ ಮೂರು ಪೈಕ್ ಬಂದು ಮೂರು ಬಾಲ ಕತ್ತರಿಸಿಕೊಂಡು ಹೋದರೆ ಲೆಕ್ಕ ನೀವೇ ಹಾಕಿ.

ಮೊದಲ ವರ್ಷ ನಾನು ಹರಿದಿದ್ದನ್ನೆಲ್ಲ ಕಸಕ್ಕೆ ಹಾಕಿದೆ. ಎರಡನೇ ವರ್ಷ ಸೂಪರ್ ಗ್ಲೂ ಹಚ್ಚಿದೆ. ಮನೆಯಲ್ಲಿ ಎಳೆದು ನೋಡಿದಾಗ ಬಂಡೆಯ ಹಾಗೆ ಗಟ್ಟಿ. ಕೆರೆಯಲ್ಲಿ ಎರಡನೇ ಸಲ ಎಸೆದಾಗ ಲೂರ್ ಒಂದು ಕಡೆ ಹೋಯಿತು, ಬಾಲ ಇನ್ನೊಂದು ಕಡೆ ಹೋಯಿತು. ಜೊತೆಯಲ್ಲಿದ್ದವನು ನಕ್ಕು ಸುಸ್ತಾದ. ಸೂಪರ್ ಗ್ಲೂ ಒಣಗಿದರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಮಾತ್ರ ಬಳುಕುತ್ತಲೇ ಇರುತ್ತದೆ. ಅಂಚಿನಲ್ಲಿ ಬಿರುಕು ಬಿಡದೆ ಇನ್ನೇನಾಗುತ್ತದೆ?

ಇದಕ್ಕೆ ಬೇಕಾಗಿರುವುದು ಅಂಟಲ್ಲ, ಬೆಸುಗೆ.

ಮೊದಲು ಅದು ಯಾವ ಪ್ಲಾಸ್ಟಿಕ್ ಅಂತ ತಿಳಿಯಿರಿ

ಇಂಥ ಲೂರ್‌ಗಳಲ್ಲಿ ಹೆಚ್ಚಿನವು ಪ್ಲಾಸ್ಟಿಸಾಲ್ ಅನ್ನುವುದರಿಂದ ಆಗಿವೆ. ಪಿವಿಸಿ ಪುಡಿಯನ್ನು ಮೆತ್ತಗೆ ಮಾಡುವ ಎಣ್ಣೆಯಂಥ ದ್ರವದಲ್ಲಿ ಕಲಸಿ, ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಚ್ಚಿಗೆ ಹೊಯ್ದು ಮಾಡುತ್ತಾರೆ. ನಮಗೆ ಒಳ್ಳೆಯದಾದ ವಿಷಯ ಏನೆಂದರೆ ಇದನ್ನು ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಎರಡು ತುಂಡಿನ ಮುಖ ಕರಗಿಸಿ ಒತ್ತಿ ಹಿಡಿದರೆ ಎರಡೂ ಒಂದೇ ಆಗುತ್ತವೆ.

ಆದರೆ ಎಲ್ಲವೂ ಪ್ಲಾಸ್ಟಿಸಾಲ್ ಅಲ್ಲ. ಟಿಪಿಇ ಅಂತ ಇನ್ನೊಂದು ಜಾತಿ ಇದೆ. ಎಳೆದರೆ ರಬ್ಬರ್ ಬ್ಯಾಂಡಿನ ಹಾಗೆ ಉದ್ದಕ್ಕೆ ಬಂದು ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ, ನೀರಿನಲ್ಲಿ ತೇಲುತ್ತದೆ. ಅದನ್ನು ಪ್ಲಾಸ್ಟಿಸಾಲ್ ಜೊತೆ ಬೆಸೆಯಲು ಆಗುವುದಿಲ್ಲ. ಅಷ್ಟೇ ಅಲ್ಲ, ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಒಂದನ್ನೊಂದು ಕರಗಿಸಿ ಮುದ್ದೆ ಮಾಡಿಕೊಳ್ಳುತ್ತವೆ. ನನ್ನದೊಂದು ಟ್ರೇ ಹೀಗೇ ಹೋಯಿತು. ಏಪ್ರಿಲ್‌ನಲ್ಲಿ ತೆರೆದರೆ ಆರು ಲೂರ್ ಇದ್ದ ಕಡೆ ಒಂದೇ ಒಂದು ಅಂಟು ಹಲ್ವ. ಇನ್ನು ಸಿಲಿಕೋನ್ ಆದರೆ ಅದು ಕರಗುವುದೇ ಇಲ್ಲ, ಸಿಲಿಕೋನ್ ಅಂಟೇ ಗತಿ. ಪ್ಯಾಕೆಟ್ ಮೇಲೆ ಏನು ಬರೆದಿದೆ ಅಂತ ಎಸೆಯುವ ಮೊದಲು ನೋಡಿಕೊಳ್ಳಿ.

ಬೇಕಾದ ಸಾಮಾನು, ಮತ್ತು ಹೊಗೆಯ ಮಾತು

ಸಾಲ್ಡರಿಂಗ್ ಐರನ್ ಒಂದು, ಕಾವು ಹೆಚ್ಚು ಕಡಿಮೆ ಮಾಡಲು ಬರುವಂಥದ್ದಾದರೆ ಬಹಳ ಒಳ್ಳೆಯದು. ಹಳೆಯ ಬೆಣ್ಣೆ ಚಾಕು ಒಂದು. ಸ್ಪಿರಿಟ್ ದೀಪ. ಹರಿತವಾದ ಬ್ಲೇಡು, ಕತ್ತರಿ, ಮೂತಿ ಚೂಪಾದ ಇಕ್ಕಳ, ಗಾಳದ ರಿಂಗ್ ಬಿಚ್ಚುವ ಇಕ್ಕಳ. ಒಂದು ಪಾತ್ರೆ ತಣ್ಣೀರು. ಉಜ್ಜಿ ಒರೆಸುವ ಆಲ್ಕೋಹಾಲ್, ಟಿಶ್ಯೂ. ಮೇಣದಬತ್ತಿ, ಲೈಟರ್ ಬೇಡ, ಮಸಿ ಕೂತು ಬಿಳಿ ಲೂರ್ ಕಪ್ಪಾಗುತ್ತದೆ. ಸ್ಪಿರಿಟ್ ಜ್ವಾಲೆಗೆ ಮಸಿ ಇಲ್ಲ.

ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ. ಅದು ಗಂಟಲಿಗೆ, ಶ್ವಾಸಕೋಶಕ್ಕೆ ಹಾಳು. ಕರಗುವ ಕಾವಿಗೂ ಸುಡುವ ಕಾವಿಗೂ ಅಂತರ ಬಹಳ ಇಲ್ಲ, ಅದಕ್ಕೇ ಗಾಳಿ ಓಡಾಡುವ ಜಾಗ ಬೇಕೇ ಬೇಕು. ಆಮ್ಲದ ಆವಿಗೂ ರಾಸಾಯನಿಕ ಆವಿಗೂ ಆಗುವ ಫಿಲ್ಟರ್ ಇರುವ ಮುಖಗವಸು ಹಾಕಿಕೊಳ್ಳಿ, ಕೊರೊನಾ ಕಾಲದ ಬಟ್ಟೆ ಮಾಸ್ಕ್ ಇದಕ್ಕೆ ಏನೂ ಪ್ರಯೋಜನವಿಲ್ಲ. ಮಿನೆಸೋಟಾದಲ್ಲಿ ಇದೇ ದೊಡ್ಡ ತಲೆನೋವು. ಮಸ್ಕಿ ಹಿಡಿಯುವ ಕಾಲ ಶುರುವಾಗುವುದು ಜೂನ್ ಮೊದಲ ಶನಿವಾರ. ಅದಕ್ಕೂ ಮೊದಲು ಕೈ ಖಾಲಿ ಇರುವುದೆಲ್ಲ ಚಳಿಗಾಲದಲ್ಲೇ, ಕೆರೆಯೆಲ್ಲ ಹೆಪ್ಪುಗಟ್ಟಿ ಕೂತಿರುವಾಗ. ಹೊರಗೆ ಮೈನಸ್ 20, ಒಳಗೆ ಕಿಟಕಿ ತೆರೆದರೆ ಮನೆಯವಳು ಸುಮ್ನೆ ಇರುತ್ತಾಳಾ? ನಾನು ಗರಾಜಿನ ಬಾಗಿಲು ಅರ್ಧ ಎತ್ತಿ, ಜಾಕೆಟ್ ಹಾಕಿಕೊಂಡೇ ಕೂರುತ್ತೇನೆ. ಆ ಚಳಿಯಲ್ಲಿ ಲೂರ್ ಮರದ ಹಾಗೆ ಬಿರುಸಾಗಿರುತ್ತದೆ, ಬೆಸುಗೆ ಹಿಡಿಯುವುದಿಲ್ಲ. ಹಿಂದಿನ ದಿನವೇ ಮನೆಯೊಳಗೆ ಇಟ್ಟು, ಒಂದೊಂದಾಗಿ ಗರಾಜಿಗೆ ಒಯ್ಯಿರಿ.

ಇನ್ನೊಂದು, ಗಾಳಗಳನ್ನು ಮೊದಲು ಬಿಚ್ಚಿ. ಎರಡೇ ನಿಮಿಷದ ಕೆಲಸ ಅಂತ ಗಾಳ ಇಟ್ಟುಕೊಂಡೇ ಕೂತರೆ ಬಿಸಿ ಚಾಕು ಒಂದು ಕೈಯಲ್ಲಿ, ಇನ್ನೊಂದು ಕೈಯ ಬೆರಳಿಗೆ ಮೂರು ಮುಳ್ಳು. ಆಸ್ಪತ್ರೆಯ ನರ್ಸ್ ಮುಂದೆ ಕೂತು "ಮೀನೂ ಇರಲಿಲ್ಲ, ಕೆರೆಯೂ ಇರಲಿಲ್ಲ, ಗರಾಜಿನಲ್ಲೇ ಚುಚ್ಚಿಕೊಂಡೆ" ಅಂತ ಹೇಳುವ ಕರ್ಮ ಯಾರಿಗೂ ಬೇಡ.

ತೊಳೆದು ಒಣಗಿಸದೆ ಕೈ ಹಾಕಬೇಡಿ

ಮೀನಿನ ಲೋಳೆ, ಪಾಚಿ, ವಾಸನೆಗೆ ಹಚ್ಚಿದ ಎಣ್ಣೆ ಇವೆಲ್ಲ ಸೀಳಿನೊಳಗೆ ಕೂತಿರುತ್ತವೆ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಸೀಳನ್ನು ಬಿಡಿಸಿ ಒಳಗೂ ತೊಳೆದು, ಒಂದು ದಿನ ಪೂರ್ತಿ ನೇತುಹಾಕಿ ಒಣಗಿಸಿ. ಆಮೇಲೆ ಬೆಸೆಯುವ ಮುಖಗಳನ್ನು ಮಾತ್ರ ಆಲ್ಕೋಹಾಲಿನಲ್ಲಿ ಒರೆಸಿ, ಅದೂ ಪೂರ್ತಿ ಆರಿದ ಮೇಲೆಯೇ ಬಿಸಿ ತನ್ನಿ. ಇಲ್ಲದಿದ್ದರೆ ಅದೇ ಹೊತ್ತಿಕೊಳ್ಳುತ್ತದೆ.

ನೀರಿನ ಪಸೆ ಇದ್ದರೆ ಏನಾಗುತ್ತದೆ? ಚಿಕ್ಕ ಬೆಸುಗೆಯಲ್ಲಾದರೆ ಆವಿಯಾಗಿ ಗುಳ್ಳೆ ಏಳುತ್ತದೆ, ಬೆಸುಗೆ ಸ್ಪಂಜಿನ ಹಾಗೆ ಆಗುತ್ತದೆ. ಕರಗಿದ ಪ್ಲಾಸ್ಟಿಕ್ ಇರುವ ಪಾತ್ರೆಗೆ ಒಂದು ಹನಿ ನೀರು ಬಿದ್ದರೆ ಬಿಸಿ ಎಣ್ಣೆಗೆ ಒದ್ದೆ ಸಾಸಿವೆ ಬಿದ್ದ ಹಾಗೆ ಸಿಡಿಯುತ್ತದೆ. ಎಣ್ಣೆಯನ್ನಾದರೂ ಒರೆಸಿಕೊಳ್ಳಬಹುದು, ಇದು ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಆ ತಣ್ಣೀರಿನ ಪಾತ್ರೆಯನ್ನು ಒಂದು ಕೈಯಳತೆ ದೂರವೇ ಇಡಿ. ಕನ್ನಡಕ, ಉದ್ದ ತೋಳಿನ ಅಂಗಿ ಇರಲಿ.

ಹಲ್ಲಿನ ಗೀರು, ಸೀಳು

ಸುಲಭದ್ದರಿಂದ ಶುರು ಮಾಡೋಣ. ಬೆನ್ನಿನ ಮೇಲೆ, ಪಕ್ಕದಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಗೀರು ಬಿದ್ದಿರುತ್ತದೆ. ಎಲ್ಲರೂ ಮಾಡುವ ತಪ್ಪು ಏನೆಂದರೆ ಬಿಸಿ ಐರನ್ ತುದಿಯನ್ನು ಮೇಲೆ ಮೇಲೆ ಉಜ್ಜಿ ಗೀರು ಮುಚ್ಚಿಬಿಡುವುದು. ನೋಡಲು ಚೆನ್ನಾಗಿರುತ್ತದೆ. ಒಳಗೆ ಪೊಳ್ಳು ಹಾಗೇ ಉಳಿದಿರುತ್ತದೆ, ಎಸೆಯುವಾಗ ಮತ್ತೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಲೂರನ್ನು ಬಗ್ಗಿಸಿ ಸೀಳು ಬಾಯಿ ತೆರೆಯುವ ಹಾಗೆ ಮಾಡಿ. ಐರನ್ ತುದಿಯನ್ನು ತಳಕ್ಕೆ ಮುಟ್ಟಿಸಿ, ಅಲ್ಲಿಂದ ನಿಧಾನ ಮೇಲೆ ಬನ್ನಿ, ಬರುತ್ತಾ ಬರುತ್ತಾ ಲೂರನ್ನು ನೆಟ್ಟಗೆ ಮಾಡಿ. ತಳ ಮೊದಲು ಕೂಡಬೇಕು, ಮೇಲಿನದು ಕೊನೆಗೆ.

ಚಿಕ್ಕ ಗೀರುಗಳನ್ನು ಹಾಗೇ ಬಿಟ್ಟುಬಿಡಿ. ಹಲ್ಲಿನ ಗುರುತಿರುವ ಲೂರ್‌ಗೇ ಮೀನು ಜಾಸ್ತಿ ಬರುತ್ತದೆ ಅಂತ ನನಗೊಂದು ಮೂಢನಂಬಿಕೆ ಇದೆ, ಅದಕ್ಕೆ ಆಧಾರ ಏನೂ ಇಲ್ಲ.

ಬಾಲ ಕಿತ್ತುಬಂದರೆ

ಇದೇ ಮುಖ್ಯ ಕೆಲಸ, ಸಾವಧಾನವಾಗಿ ಓದಿ.

ಬಾಲದ ತುಂಡು ಸಿಕ್ಕಿದ್ದರೆ ಸರಿ. ಇಲ್ಲದಿದ್ದರೆ ಬಿಡಿ ಬಾಲ ಮಾರುತ್ತಾರೆ, ಅಥವಾ ಸತ್ತುಹೋದ ಇನ್ನೊಂದು ಲೂರ್‌ನಿಂದ ಕತ್ತರಿಸಿ. ಕೊಯ್ಯುವ ಮೊದಲು ಎರಡೂ ತುಂಡನ್ನು ಜೋಡಿಸಿ ಹಿಡಿದು, ಬೆನ್ನಿನ ಮೇಲೆ ಜೋಡಣೆ ದಾಟುವ ಹಾಗೆ ಮಾರ್ಕರಿನಿಂದ ಒಂದು ಉದ್ದ ಗೆರೆ ಎಳೆಯಿರಿ. ಕರಗಿದ ಪ್ಲಾಸ್ಟಿಕ್ ಹಿಡಿದಾಗ ಯೋಚನೆ ಮಾಡಲು ಸಮಯ ಇರುವುದಿಲ್ಲ, ಗೆರೆಗೆ ಗೆರೆ ಕೂಡಿಸಿದರೆ ಆಯಿತು. ಬಾಲ ಸ್ವಲ್ಪ ತಿರುಚಿ ಕೂತರೂ ಲೂರ್ ನೀರಿನಲ್ಲಿ ಮಗುಚಿಕೊಂಡು ಗಿರಗಿರ ಸುತ್ತುತ್ತದೆ, ದಾರಕ್ಕೆಲ್ಲ ಸುರುಳಿ ಬೀಳುತ್ತದೆ.

ಈಗ ಎರಡೂ ತುಂಡನ್ನು ಹರಿತ ಬ್ಲೇಡಿನಿಂದ ಓರೆಯಾಗಿ ಕೊಯ್ಯಿರಿ. ಬಡಗಿ ಎರಡು ಮರ ಕೂಡಿಸುವಾಗ ಓರೆ ಕೊಯ್ದು ಕೂಡಿಸುತ್ತಾನಲ್ಲ, ಅದೇ ಲೆಕ್ಕ. ನೇರ ಕೊಯ್ದರೆ ಬೆಸುಗೆಯ ಮುಖ ಒಂದು ರೂಪಾಯಿ ನಾಣ್ಯದಷ್ಟು, ಓರೆ ಕೊಯ್ದರೆ ಅದರ ಒಂದೂವರೆ ಪಟ್ಟು. ಬಾಲ ತೆಳ್ಳಗಾಗುವ ಕಡೆ ಕೊಯ್ಯಬೇಡಿ, ಎಲ್ಲ ಬಳುಕೂ ಅಲ್ಲೇ ಇರುವುದು. ಒಂದಿಂಚು ಮೈ ಕಡೆಗೆ, ದಪ್ಪ ಇರುವ ಕಡೆಗೆ ಬನ್ನಿ.

ಬೆಣ್ಣೆ ಚಾಕುವನ್ನು ಸ್ಪಿರಿಟ್ ಜ್ವಾಲೆಯಲ್ಲಿ ಕಾಯಿಸಿ. ಎಷ್ಟು? ಒಂದು ಚೂರು ಪ್ಲಾಸ್ಟಿಕ್ ಮುಟ್ಟಿಸಿ ನೋಡಿ. ತಕ್ಷಣ ಬಿಳಿ ಹೊಗೆ ಬಂದರೆ ಜಾಸ್ತಿಯಾಯಿತು, ಹತ್ತು ಎಣಿಸಿ ಮತ್ತೆ ನೋಡಿ. ಚೂರು ಸದ್ದಿಲ್ಲದೆ ಹೊಳಪಾಗಿ ಜಾರಿದರೆ ಹದ ಸರಿ. ಚಾಕುವನ್ನು ಎರಡು ತುಂಡಿನ ನಡುವೆ ಇಟ್ಟು, ಒಂದು ಮುಖ ಈ ಕಡೆಯಿಂದ, ಇನ್ನೊಂದು ಮುಖ ಆ ಕಡೆಯಿಂದ ಮುಟ್ಟಿಸಿ. ಮೂರು ನಾಲ್ಕು ಸೆಕೆಂಡು. ಅಂಚಿನಲ್ಲಿ ಕಾಯಿಸಿದ ಬೆಲ್ಲದ ಹಾಗೆ ತೆಳುವಾಗಿ ಒಸರುವುದು ಕಾಣುತ್ತದೆ. ಆಗ ಚಾಕುವನ್ನು ಪಕ್ಕಕ್ಕೆ ಜಾರಿಸಿ ತೆಗೆದು, ಅದೇ ಉಸಿರಿನಲ್ಲಿ ಎರಡನ್ನೂ ಒತ್ತಿ. ಮೇಲಕ್ಕೆ ಎತ್ತಿ ತೆಗೆಯಬೇಡಿ, ನೂಲು ನೂಲಾಗಿ ಎಳೆದುಕೊಂಡು ಬರುತ್ತದೆ.

ಒತ್ತಿದ ಮೇಲೆ ಅರ್ಧ ನಿಮಿಷ ಅಲ್ಲಾಡಿಸದೆ ಹಿಡಿಯಿರಿ. ಇದೇ ಕಷ್ಟ. ಸರಿಯಾಗಿದೆಯಾ ಅಂತ ನೋಡಲು ಕೈ ತುರಿಸುತ್ತದೆ, ಸ್ವಲ್ಪ ತಿರುಗಿಸಿದರೂ ಒಳಗೆ ಬಿಟ್ಟುಕೊಳ್ಳುತ್ತದೆ. ನಾನು ಕಣ್ಣು ಮುಚ್ಚಿ ಮೂವತ್ತು ಎಣಿಸುತ್ತೇನೆ. ಆಮೇಲೆ ಐರನ್ ತುದಿಯಿಂದ ಜೋಡಣೆಯ ಸುತ್ತ ಒಂದು ಸುತ್ತು ಬಂದು ಅಂಚನ್ನು ಕೂಡಿಸಿ, ತಗ್ಗು ಇರುವ ಕಡೆ ಅದೇ ಬಣ್ಣದ ಚೂರು ಕರಗಿಸಿ ತುಂಬಿ. ಕೊನೆಗೆ ತಣ್ಣೀರಿಗೆ. ಎಳೆದು ನೋಡುವುದು ಒಂದು ಕಾಲು ಗಂಟೆ ಆದ ಮೇಲೆ.

ಮೊದಲ ಸಲವೇ ಒಳ್ಳೆಯ ಲೂರ್ ಮೇಲೆ ಪ್ರಯೋಗ ಬೇಡ. ಪೂರ್ತಿ ಹಾಳಾದ ಒಂದನ್ನು ತೆಗೆದುಕೊಂಡು ಕೊಯ್ದು ಕೂಡಿಸಿ, ಕೊಯ್ದು ಕೂಡಿಸಿ ನಾಲ್ಕೈದು ಸಲ ಮಾಡಿ. ಬೆಸೆದ ಜಾಗ ಬಿಟ್ಟು ಬೇರೆ ಕಡೆ ಹರಿಯಲು ಶುರುವಾದರೆ ನಿಮಗೆ ಕೈ ಕೂತಿತು ಅಂತ ಅರ್ಥ.

ಮಾಂಸವೇ ಹೋಗಿದ್ದರೆ

ಕೆಲವು ಸಲ ಮೀನು ಒಂದು ತುತ್ತನ್ನೇ ಕಚ್ಚಿಕೊಂಡು ಹೋಗಿರುತ್ತದೆ. ಆಗ ಹಳೆಯ ಚೂರುಗಳನ್ನು ಕರಗಿಸಿ ಹೊಯ್ಯಬೇಕು. ಇದಕ್ಕೆ ಪ್ರಪಂಚದಲ್ಲಿ ನಮ್ಮ ಒಗ್ಗರಣೆ ಸೌಟಿಗಿಂತ ಒಳ್ಳೆಯ ಸಾಧನ ಇಲ್ಲ. ಉದ್ದ ಹಿಡಿ, ಆಳ ಬಟ್ಟಲು, ಅಳತೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅಡುಗೆಮನೆಯ ಸೌಟನ್ನು ಮುಟ್ಟಬೇಡಿ, ಒಂದು ಸಲ ಇದಕ್ಕೆ ಬಳಸಿದ್ದು ಮತ್ತೆ ಅನ್ನದ ಹತ್ತಿರ ಬರಬಾರದು. ಇಂಡಿಯನ್ ಅಂಗಡಿಯಲ್ಲಿ ಬೇರೆಯದೇ ಒಂದು ತಂದು, ಹಿಡಿಗೆ ಕೆಂಪು ಟೇಪ್ ಸುತ್ತಿ ಗರಾಜಿನಲ್ಲಿ ಇಟ್ಟಿದ್ದೇನೆ. ಮೈಕ್ರೋವೇವಿಗೂ ಇದೇ ಮಾತು, ಪ್ಲಾಸ್ಟಿಕ್ ಕರಗಿಸುವುದಾದರೆ ಅದಕ್ಕೇ ಅಂತ ಹಳೆಯದೊಂದು ಇರಲಿ.

ಚೂರುಗಳನ್ನು ಕಡಲೆಬೇಳೆಯಷ್ಟು ಚಿಕ್ಕದಾಗಿ ಕತ್ತರಿಸಿ. ಸಣ್ಣ ಉರಿ, ನಿಧಾನ ಕಲಕಬೇಕು. ಜೋರಾಗಿ ಕಲಕಿದರೆ ಗಾಳಿ ಗುಳ್ಳೆ ಸೇರುತ್ತದೆ. ಜೇನಿನಷ್ಟು ತೆಳುವಾದ ಕೂಡಲೇ ಉರಿಯಿಂದ ತೆಗೆಯಿರಿ. ಹಳದಿಗೆ ತಿರುಗುತ್ತಿದೆ ಅಂದರೆ ಸುಡಲು ಶುರುವಾಗಿದೆ ಅಂತ ಲೆಕ್ಕ. ಬಿಳಿ ಮತ್ತು ಪಾರದರ್ಶಕ ಬಣ್ಣಗಳು ಬೇಗ ಹಳದಿಯಾಗುತ್ತವೆ, ಕಪ್ಪಿನಲ್ಲಿ ಗೊತ್ತೇ ಆಗುವುದಿಲ್ಲ, ಕಪ್ಪಿಗೆ ಮೂಗೇ ಗತಿ. ಲೂರಿನ ಹಳ್ಳವನ್ನು ಐರನ್ನಿನಿಂದ ಒಮ್ಮೆ ಮೆತ್ತಗೆ ಮಾಡಿಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ಹೊಯ್ಯಿರಿ. ತಣ್ಣಗಿನ ಹಳ್ಳಕ್ಕೆ ಹೊಯ್ದರೆ ಮೇಲೆ ಕೂತಿರುತ್ತದೆ ಅಷ್ಟೇ, ಒಂದೇ ಏಟಿಗೆ ಎದ್ದುಬರುತ್ತದೆ.

ಹೊಟ್ಟೆ ಹರಿದು ತಂತಿ ಹೊರಗೆ ಬಂದರೆ

ಗಾಳ ನೇತಾಡುವ ಜಾಗದಲ್ಲೇ ಎಳೆತ ಜಾಸ್ತಿ, ಆದ್ದರಿಂದ ಹೊಟ್ಟೆ ಹರಿಯುವುದೂ ಅಲ್ಲೇ. ಪ್ಲಾಸ್ಟಿಕ್ ನೋಡುವ ಮೊದಲು ತಂತಿ ನೋಡಿ. ಮಡಿಚಿಕೊಂಡಿದೆಯಾ, ತುಕ್ಕು ಹಿಡಿದಿದೆಯಾ, ಬಳೆ ಬಿಚ್ಚಿದೆಯಾ? ಹಾಗಿದ್ದರೆ ಆ ಲೂರನ್ನು ಬಿಡಿ ಭಾಗಕ್ಕೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕೈಕೊಟ್ಟರೆ 30 ಡಾಲರ್ ಹೋಗುತ್ತದೆ. ತಂತಿ ಕೈಕೊಟ್ಟರೆ ಹತ್ತು ಸಾವಿರ ಸಲ ಎಸೆದು ಸಿಕ್ಕಿದ ಮೀನು ಬಾಯಲ್ಲಿ ಮೂರು ಮುಳ್ಳು ಇಟ್ಟುಕೊಂಡು ಹೋಗುತ್ತದೆ, ಅದಕ್ಕೂ ಒಳ್ಳೆಯದಲ್ಲ, ನಿಮಗೂ ನಿದ್ದೆ ಬರುವುದಿಲ್ಲ.

ತಂತಿ ಚೆನ್ನಾಗಿದ್ದರೆ ಅದನ್ನು ಸೀಳಿನೊಳಗೆ ಮೊದಲಿನ ಜಾಗಕ್ಕೇ ತಳ್ಳಿ. ಹಳೆಯ ಹೆಣೆದ ದಾರ, ಅಂದರೆ ಬ್ರೇಡ್ ಲೈನ್, ದಪ್ಪ ಸೂಜಿಗೆ ಪೋಣಿಸಿ ತಂತಿಯ ಸುತ್ತ ಮತ್ತು ಪ್ಲಾಸ್ಟಿಕ್ಕಿನ ಮೂಲಕ ನಾಲ್ಕೈದು ಹೊಲಿಗೆ ಹಾಕಿ, ಗೋಣಿಚೀಲದ ಬಾಯಿ ಹೊಲಿಯುವ ಹಾಗೆ. ಅದರ ಮೇಲೆ ತಳದಿಂದ ಬೆಸುಗೆ, ಬೇಕಾದರೆ ಸ್ವಲ್ಪ ಹೊಯ್ಯುವುದು. ಐರನ್ ತುದಿ ತಂತಿಗೆ ಬಹಳ ಹೊತ್ತು ತಾಗದ ಹಾಗೆ ನೋಡಿಕೊಳ್ಳಿ. ತಂತಿ ಕಾದರೆ ಅದರ ಉದ್ದಕ್ಕೂ ಒಳಗೊಳಗೇ ಕರಗುತ್ತಾ ಹೋಗುತ್ತದೆ, ಆಮೇಲೆ ತಂತಿ ಕೊಳವೆಯಲ್ಲಿ ಇದ್ದ ಹಾಗೆ ಸಡಿಲ.

ದೋಣಿಯಲ್ಲಿದ್ದಾಗ

ಕೆರೆ ಮಧ್ಯೆ ಐರನ್ ಎಲ್ಲಿ ಬರಬೇಕು? ಅಲ್ಲಿಗೆ ಮೆತ್ತನೆ ಪ್ಲಾಸ್ಟಿಕ್ಕಿಗೇ ಅಂತ ಮಾರುವ ಅಂಟು ಒಳ್ಳೆಯದು. ಅದು ಮೇಲ್ಮೈಯನ್ನು ಸ್ವಲ್ಪ ಕರಗಿಸಿ ಕೂಡಿಸುತ್ತದೆ, ಒಣಗಿದ ಮೇಲೂ ಬಳುಕುತ್ತದೆ. ಮೆಂಡ್ ಇಟ್ ಅನ್ನುವುದು ಇಲ್ಲಿ ಬಹಳ ಜನರ ಡಬ್ಬಿಯಲ್ಲಿ ಇರುತ್ತದೆ. ಒರೆಸಿ, ಒಣಗಿಸಿ, ತೆಳ್ಳಗೆ ಹಚ್ಚಿ, ಒತ್ತಿ ಇಟ್ಟು ಬೇರೆ ಲೂರ್ ಹಾಕಿಕೊಳ್ಳಿ. ಸೂಪರ್ ಗ್ಲೂ ಜೆಲ್ ಆ ಸಂಜೆಗೆ ಮಾತ್ರ.

ಮಡಿಚಿಕೊಂಡ ಬಾಲ

ಬಾಲ ಹರಿದಿಲ್ಲ, ಡಬ್ಬಿಯಲ್ಲಿ ಒತ್ತಿಕೊಂಡು ಮಡಿಚಿ ಹೋಗಿದೆ ಅಷ್ಟೇ. ಕುದಿಸಿ ಇಳಿಸಿದ ನೀರಿನಲ್ಲಿ ಬಾಲವನ್ನು ಒಂದು ನಿಮಿಷ ಇಳಿಬಿಡಿ, ತಾನೇ ನೆಟ್ಟಗಾಗುತ್ತದೆ. ತೆಗೆದು ಸರಿಯಾದ ಆಕಾರದಲ್ಲಿ ಹಿಡಿದು ತಣ್ಣೀರಿಗೆ ಹಾಕಿ. ಮುಗಿಯಿತು. ಇದಕ್ಕೂ ಪಾತ್ರೆ ಬೇರೆ.

ನಮಗೆ ಬೇಕಾದ ಹಾಗೆ ಬದಲಾಯಿಸುವುದು

ಬೆಸುಗೆ ಕೈಗೆ ಬಂದ ಮೇಲೆ ಅಂಗಡಿಯಲ್ಲಿ ಸಿಕ್ಕಿದ ಹಾಗೇ ಬಳಸಬೇಕು ಅಂತೇನಿಲ್ಲ. ಕಪ್ಪು ಮೈಗೆ ಕಿತ್ತಳೆ ಬಾಲ ನನಗೆ ಬಹಳ ಇಷ್ಟ, ಮೋಡ ಕವಿದ ದಿನ, ಕತ್ತಲಾಗುವ ಹೊತ್ತಿಗೆ ಅದೇ ಎಸೆಯುತ್ತೇನೆ. ಶರತ್ಕಾಲದ ಕೊನೆಗೆ ಸಿಸ್ಕೋ ಅನ್ನುವ ಬೆಳ್ಳಿ ಬಣ್ಣದ ಮೀನು ಮೊಟ್ಟೆ ಇಡಲು ಕಲ್ಲಿರುವ ದಡಕ್ಕೆ ಬರುತ್ತದೆ, ಅದರ ಹಿಂದೆ ಮಸ್ಕಿ. ಆಗ ದೊಡ್ಡದು, ಬಿಳಿ, ಬೆಳ್ಳಿ. ಬಿಳಿ ಲೂರ್ ಬೆನ್ನಿಗೆ ಮುತ್ತಿನ ಹೊಳಪಿನ ಮೈಕಾ ಪುಡಿ ಬೆರಳಿನಿಂದ ಉಜ್ಜಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತೆಳ್ಳಗೆ ಕರಗಿಸಿ ಸವರಿದರೆ ಪುಡಿ ಒಳಗೆ ಸಿಕ್ಕಿಕೊಳ್ಳುತ್ತದೆ. ಉಗುರು ಬಣ್ಣ ಹಚ್ಚಬೇಡಿ. ಪ್ಲಾಸ್ಟಿಕ್ಕಿನ ಎಣ್ಣೆ ಅದನ್ನು ಒಣಗಲು ಬಿಡುವುದಿಲ್ಲ, ವಾರವಾದರೂ ಅಂಟು ಅಂಟಾಗೇ ಇರುತ್ತದೆ. ಇದಕ್ಕೇ ಬರುವ ಬಣ್ಣದ ಮಾರ್ಕರ್ ಇದೆ, ಅದು ಒಳಗಿಳಿಯುತ್ತದೆ. ಕೆಲವದಕ್ಕೆ ಬೆಳ್ಳುಳ್ಳಿ ವಾಸನೆ ಕೂಡ. ಮಸ್ಕಿ ಬರುವುದು ಕಣ್ಣಿಗೆ ಕಂಡದ್ದಕ್ಕೆ, ನೀರು ಅದುರಿದ್ದಕ್ಕೆ, ವಾಸನೆಯ ಪಾತ್ರ ಕಡಿಮೆ ಅಂತ ನನ್ನ ಅಭಿಪ್ರಾಯ. ಗರಾಜು ಮಾತ್ರ ಒಗ್ಗರಣೆ ಹಾಕಿದ ಹಾಗೆ ಘಮ್ ಅನ್ನುತ್ತದೆ.

ಭಾರ ಸೇರಿಸುವುದು ಇದೆಲ್ಲಕ್ಕಿಂತ ಉಪಯೋಗದ ಕೆಲಸ. ಮೊಳೆ ಆಕಾರದ ಚಿಕ್ಕ ತೂಕಗಳು ಸಿಗುತ್ತವೆ, ಚುಚ್ಚಿ ಒಳಗೆ ತಳ್ಳಿ ಬಾಯಿಗೆ ಬೆಸುಗೆ ಹಾಕಿದರೆ ಆಯಿತು. ತಲೆಯ ಹತ್ತಿರ ಹಾಕಿದರೆ ಮೂತಿ ಕೆಳಗೆ ಮಾಡಿ ಮುಳುಗುತ್ತದೆ, ಎಳೆದು ಬಿಟ್ಟಾಗ ಧುಮುಕಿದ ಹಾಗೆ ಕಾಣುತ್ತದೆ. ಹೊಟ್ಟೆಯ ಮಧ್ಯಕ್ಕೆ ಹಾಕಿದರೆ ಚಪ್ಪಟೆಯಾಗಿ ಇಳಿಯುತ್ತದೆ. ಬಾಲದ ಕಡೆ ಹಾಕಿದರೆ ಸಾಯುತ್ತಿರುವ ಮೀನಿನ ಹಾಗಲ್ಲ, ಮುಳುಗುವ ಚಪ್ಪಲಿಯ ಹಾಗೆ ಹೋಗುತ್ತದೆ. ಕಾಲು ಔನ್ಸ್ ಕೂಡ ವ್ಯತ್ಯಾಸ ಮಾಡುತ್ತದೆ, ಆದ್ದರಿಂದ ಬೆಸೆಯುವ ಮೊದಲು ಗಾಳದಷ್ಟೇ ತೂಕದ ಏನಾದರೂ ನೇತುಹಾಕಿ ಬಾತ್‌ಟಬ್ಬಿನಲ್ಲಿ ಬಿಟ್ಟು ನೋಡಿ. ನೀರು ತಣ್ಣಗೇ ಇರಲಿ, ಬೆಚ್ಚಗಿನ ನೀರಿನಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಎಲ್ಲ ಲೂರ್ ಚೆನ್ನಾಗೇ ಈಜುತ್ತದೆ. ಸೀಸದ ಬದಲು ಟಂಗ್‌ಸ್ಟನ್ ಕೊಳ್ಳಿ, ದುಬಾರಿ, ಆದರೂ. ಚಿಕ್ಕ ಸೀಸದ ಚೂರು ನುಂಗಿ ಲೂನ್ ಹಕ್ಕಿಗಳು ಸಾಯುತ್ತವೆ, ಅದು ಮಿನೆಸೋಟಾದ ರಾಜ್ಯ ಪಕ್ಷಿ. ಬೆಳಗಿನ ಜಾವ ಕೆರೆಯಲ್ಲಿ ಅದರ ಕೂಗು ಕೇಳಿದವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಭಾರ ಸೇರಿಸುವಾಗ ಗಾಳದ ಕೋಲನ್ನು ಮರೆಯಬೇಡಿ. ಪೌಂಡರ್ ಅನ್ನುವ ಲೂರ್ ಹೆಸರೇ ಹೇಳುವ ಹಾಗೆ ಒಂದು ಪೌಂಡ್. ಒಂದು ಕೋಲು ಎಷ್ಟು ಭಾರದ ಲೂರ್ ತಡೆಯುತ್ತದೆ ಅಂತ ಕೋಲಿನ ಮೇಲೇ ಬರೆದಿರುತ್ತದೆ. ಮುರಿದ ಮೇಲೆ ಓದಿದವರಲ್ಲಿ ನಾನೂ ಒಬ್ಬ.

ಬಾಲ ಪದೇ ಪದೇ ಹೋಗುವವರಿಗೆ ಇನ್ನೊಂದು ಉಪಾಯ. ಬಿರಡೆ ತೆಗೆಯುವ ಸುರುಳಿಯಂಥ ಚಿಕ್ಕ ತಂತಿ ಸಿಗುತ್ತದೆ. ಅದರ ಬುಡವನ್ನು ಮೈಯಲ್ಲಿ ಹುದುಗಿಸಿ ಬೆಸೆದು, ಸುರುಳಿಯನ್ನು ಹಿಂದಕ್ಕೆ ಚಾಚಿ ಬಿಟ್ಟರೆ ಬಾಲವನ್ನು ತಿರುಗಿಸಿ ಹಾಕಬಹುದು, ತಿರುಗಿಸಿ ತೆಗೆಯಬಹುದು. ದೋಣಿಯಲ್ಲಿ ಒಂದು ನಿಮಿಷದ ಕೆಲಸ. ಬೆಸೆದ ಬಾಲದಷ್ಟು ಗಟ್ಟಿ ಅಲ್ಲ, ಆದರೆ ಪೈಕ್ ತುಂಬಿರುವ ಕೆರೆಯಲ್ಲಿ ಇದೇ ವಾಸಿ.

ಬಾಲ ಅಲ್ಲಾಡುವುದು ಸಾಲದು ಅನ್ನಿಸಿದರೆ ಬಾಲದ ಬುಡವನ್ನು ಕತ್ತರಿಯಿಂದ ಸ್ವಲ್ಪ ತೆಳ್ಳಗೆ ಮಾಡಿ. ಸ್ವಲ್ಪ ಅಂದರೆ ಸ್ವಲ್ಪವೇ, ಒಂದು ಪದರ ತೆಗೆದು ನೀರಿಗೆ ಬಿಟ್ಟು ನೋಡಿ, ಮತ್ತೆ ಒಂದು ಪದರ. ಮಸ್ಕಿ ಹಿಡಿಯುವವರು ಪ್ರತಿ ಸಲ ದೋಣಿಯ ಪಕ್ಕಕ್ಕೆ ಬಂದ ಲೂರನ್ನು ನೀರಿನಲ್ಲಿ ಎಂಟರ ಆಕಾರದಲ್ಲಿ ಸುತ್ತಿಸುತ್ತಾರೆ, ಹಿಂಬಾಲಿಸಿ ಬಂದ ಮೀನು ಅಲ್ಲೇ ಕಚ್ಚುವುದುಂಟು. ಆ ನಿಧಾನದ ತಿರುವಿನಲ್ಲೂ ಬಾಲ ಅಲ್ಲಾಡುತ್ತಿರಬೇಕು. ನನ್ನ ಪರೀಕ್ಷೆ ಅದೊಂದೇ. ಉದ್ದಕ್ಕೆ ಎಳೆದಾಗ ಚೆನ್ನಾಗಿ ಈಜಿ ತಿರುವಿನಲ್ಲಿ ಸತ್ತುಹೋಗುವ ಲೂರನ್ನು ಮತ್ತೆ ಗರಾಜಿಗೆ ತರುತ್ತೇನೆ.

ಇಡುವ ಬಗೆ

ನೇತುಹಾಕಿ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಡಬ್ಬಿಯಲ್ಲೇ ಇಡುವುದಾದರೆ ಮೆತ್ತನೆ ಲೂರ್‌ಗೆ ಕರಗದ ಡಬ್ಬಿ ಅಂತ ಕೇಳಿ ಕೊಳ್ಳಿ, ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನೇ ಇವು ತಿಂದುಹಾಕುತ್ತವೆ. ಕಪ್ಪಿನ ಪಕ್ಕ ಬಿಳಿ ಇಡಬೇಡಿ, ಬಣ್ಣ ಹತ್ತಿದರೆ ತೊಳೆದರೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಕಾರಿನೊಳಗೆ ಬಿಡಬೇಡಿ.

ಹರಿದ ಚೂರುಗಳನ್ನು ಕೆರೆಗೆ ಎಸೆಯಬೇಡಿ, ಮೀನು ನುಂಗಿದರೆ ಹೊಟ್ಟೆಯಲ್ಲಿ ಊದಿಕೊಂಡು ಕೂರುತ್ತದೆ. ಎಲ್ಲ ಮನೆಗೆ ತನ್ನಿ. ಅಜ್ಜಿ ಕೌದಿ ಹೊಲಿಯಲು ಹಳೆ ಸೀರೆ ಗಂಟು ಕಟ್ಟಿ ಇಡುತ್ತಿದ್ದ ಹಾಗೆ ನನ್ನ ಹತ್ತಿರ ಬಣ್ಣಬಣ್ಣದ ಚೂರುಗಳ ಗಾಜಿನ ಬಾಟಲಿಗಳಿವೆ, ಒಂದೊಂದು ಬಣ್ಣಕ್ಕೆ ಒಂದೊಂದು. ಈ ವರ್ಷ ಕಪ್ಪು ತುಂಬಿ ಚೆಲ್ಲುತ್ತಿದೆ. ಕಿತ್ತಳೆ ಬಾಟಲಿ ಮಾತ್ರ ಖಾಲಿ, ಎಲ್ಲ ಕಿತ್ತಳೆ ಬಾಲಗಳೂ ಪೈಕ್‌ಗಳ ಹತ್ತಿರ ಇವೆ.